ಬ್ರಿಟನ್ನಿನ ದೊಡ್ಡ ಫ್ಲ್ಯಾಟ್ ರೇಸ್‌ಗಳಲ್ಲಿ ಹಳೆಯ ಟ್ರೆಂಡ್ ನೋಡಿ ಕುದುರೆ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ಫ್ಲ್ಯಾಟ್ ರೇಸ್ (ಅಡೆತಡೆ ಹಾರುವುದಿಲ್ಲದ ಓಟ) ಹಿಡಿದು ಅದನ್ನು ಕಳೆದ ಹತ್ತು ವರ್ಷ ಗೆದ್ದ ಕುದುರೆಗಳ ಪಟ್ಟಿ ತೆಗೆಯುವುದು. ಹತ್ತರಲ್ಲಿ ಎಂಟು ಹೀಗಿದ್ದವು, ಒಂಬತ್ತು ಹಾಗಿದ್ದವು ಎಂದು ಬರೆದುಕೊಳ್ಳುವುದು. ಹಾಗಿಲ್ಲದ ಕುದುರೆಗಳ ಹೆಸರಿನ ಮೇಲೆ ಒಂದೊಂದಾಗಿ ಗೆರೆ ಎಳೆಯುವುದು. ಕೊನೆಗೆ ಒಂದೇ ಹೆಸರು ಉಳಿಯುತ್ತದೆ, ಶನಿವಾರ ಮಧ್ಯಾಹ್ನ ಅದು ಏಳನೆಯದಾಗಿ ಬರುತ್ತದೆ. ಟ್ರೆಂಡ್ ನಂಬಿದವರಲ್ಲಿ ಬಹುತೇಕರು ಎಡವುವುದು ಇದೇ ಜಾಗದಲ್ಲಿ. ಅವರ ಪಟ್ಟಿಯಲ್ಲಿ ಗೆದ್ದವು ಮಾತ್ರ ಇರುತ್ತವೆ, ಅದೇ ಲಕ್ಷಣ ಹೊತ್ತು ಸೋತವು ಇರುವುದಿಲ್ಲ. ಲೆಕ್ಕದ ಅರ್ಧ ಭಾಗವೇ ಕಾಣೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 3ನೇ ಹಂತ ಬೇಸರದ ಕೆಲಸ ಎಂದು ನೇರ 7ಕ್ಕೆ ಹಾರಿದರೆ ಹಳೆಯ ತಪ್ಪೇ ಹೊಸ ಅಂಗಿ ತೊಟ್ಟು ಬರುತ್ತದೆ.

ಮೊದಲು ಕೈಗೆ ಬೇಕಾದವು

ಒಂದು ಸ್ಪ್ರೆಡ್‌ಶೀಟ್. ಹಳೆಯ ಫಲಿತಾಂಶಗಳು ಸಿಗುವ ಒಂದು ತಾಣ: ರೇಸಿಂಗ್ ಪೋಸ್ಟ್ ಅಥವಾ ಸ್ಪೋರ್ಟಿಂಗ್ ಲೈಫ್ ಸಾಕು. ಅಧಿಕೃತ ರೇಟಿಂಗ್‌ಗಳಿಗೆ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿಯ ತಾಣ. ಇವಲ್ಲದೆ ರೇಸ್ ನಡೆಯುವ ಟ್ರ್ಯಾಕ್‌ನ ನಕ್ಷೆ. ನಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಅದಿಲ್ಲದೆ ಡ್ರಾ, ಅಂದರೆ ಓಟ ಶುರುವಾಗುವ ಕಟಕಟೆಗಳಲ್ಲಿ (ಸ್ಟಾಲ್) ಯಾವುದು ಕುದುರೆಗೆ ಬಿತ್ತು ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ.

ಅಳತೆಗಳು ತಲೆಯಲ್ಲಿರಲಿ. 1 ಮೈಲಿಗೆ 8 ಫರ್ಲಾಂಗ್, ಒಂದು ಫರ್ಲಾಂಗ್ ಸುಮಾರು 201 ಮೀಟರ್. 1 ಸ್ಟೋನ್‌ಗೆ 14 ಪೌಂಡ್ ತೂಕ. ರೇಟಿಂಗ್‌ನ ಒಂದು ಅಂಕ ಎಂದರೆ ಒಂದು ಪೌಂಡ್ ತೂಕ. ಒಂದು ಲೆಂಗ್ತ್ (ಒಂದು ಕುದುರೆಯ ಉದ್ದ) ಅಂತರಕ್ಕೆ 5 ಫರ್ಲಾಂಗ್ ಓಟದಲ್ಲಿ ಸುಮಾರು 3 ಪೌಂಡ್, ಒಂದು ಮೈಲಿಯಲ್ಲಿ ಸುಮಾರು 2, ಒಂದೂವರೆ ಮೈಲಿಯಲ್ಲಿ ಸುಮಾರು ಒಂದೂವರೆ ಪೌಂಡ್ ಎಂದು ಇಟ್ಟುಕೊಳ್ಳಿ.

ಹಂತ 1: ರೇಸ್ ಯಾವ ಬಗೆಯದು ಎಂದು ಗುರುತಿಸಿ

ಡರ್ಬಿ, 2000 ಗಿನೀಸ್‌ನಂಥ ಗ್ರೂಪ್ 1, ಅಂದರೆ ಅತಿ ಮೇಲಿನ ದರ್ಜೆಯ ರೇಸ್ ಒಂದು ಬಗೆ. ಅಲ್ಲಿ ಒಂದೇ ವಯಸ್ಸಿನ ಗಂಡು ಕುದುರೆಗಳೆಲ್ಲ ಒಂದೇ ತೂಕ ಹೊರುತ್ತವೆ, ಹಾಗಾಗಿ ಕಸುವು ಹೆಚ್ಚಿರುವ ಕುದುರೆಗೆ ಕಟ್ಟು ಬೀಳುವುದಿಲ್ಲ. ರಾಯಲ್ ಹಂಟ್ ಕಪ್, ಸ್ಟೂವರ್ಡ್ಸ್ ಕಪ್, ಈಬೋರ್, ಏರ್ ಗೋಲ್ಡ್ ಕಪ್, ಸೆಸಾರೆವಿಚ್ ಇವೆಲ್ಲ ಹ್ಯಾಂಡಿಕ್ಯಾಪ್. ಇಲ್ಲಿ ರೇಟಿಂಗ್ ಹೆಚ್ಚಿದಷ್ಟೂ ಬೆನ್ನಿನ ಭಾರ ಹೆಚ್ಚು.

ಈ ಎರಡಕ್ಕೂ ಒಂದೇ ಪಟ್ಟಿ ಬಳಸಬೇಡಿ. ಗ್ರೂಪ್ 1ರಲ್ಲಿ ಕೇಳಬೇಕಾದ ಪ್ರಶ್ನೆ, ಈ ಕುದುರೆ ಇದುವರೆಗೆ ಎಷ್ಟು ಎತ್ತರ ಮುಟ್ಟಿದೆ ಎಂಬುದು. ಹ್ಯಾಂಡಿಕ್ಯಾಪ್‌ನಲ್ಲಿ ಕೇಳಬೇಕಾದದ್ದು, ರೇಟಿಂಗ್ ಕೊಟ್ಟವರ ಕಣ್ಣಿಗೆ ಇನ್ನೂ ಬೀಳದ ಸುಧಾರಣೆ ಇದರೊಳಗೆ ಎಷ್ಟಿದೆ ಎಂಬುದು. ಹೋದ ಸಲ ಐದು ಲೆಂಗ್ತ್‌ನಿಂದ ಗೆದ್ದಿತು ಎಂಬ ಸಂಗತಿ ಮೊದಲನೆಯದರಲ್ಲಿ ಬಲ. ಎರಡನೆಯದರಲ್ಲಿ ಆ ಐದು ಲೆಂಗ್ತ್ ಆಗಲೇ ಪೌಂಡುಗಳಾಗಿ ಬೆನ್ನ ಮೇಲೆ ಕೂತಿರುತ್ತದೆ.

ಹಂತ 2: ಹೆಸರು ಒಂದೇ ಇದ್ದ ಮಾತ್ರಕ್ಕೆ ರೇಸ್ ಒಂದೇ ಅಲ್ಲ

ಹತ್ತು ವರ್ಷದ ಅಂಕಿ ಕೂಡಿಸುವ ಮುನ್ನ, ಆ ಹತ್ತು ವರ್ಷವೂ ಅದೇ ಜಾಗದಲ್ಲಿ, ಅದೇ ನೆಲದ ಮೇಲೆ, ಅದೇ ನಿಯಮದಲ್ಲಿ ಓಡಿದ್ದಾರೆಯೇ ಎಂದು ನೋಡಿ. ಎಲ್ಲಿ ಬದಲಾವಣೆ ಆಗಿದೆಯೋ ಅಲ್ಲಿಂದಲೇ ನಿಮ್ಮ ಪಟ್ಟಿ ಶುರುವಾಗಬೇಕು.

ಚಾಂಪಿಯನ್ ಸ್ಟೇಕ್ಸ್ 2011ರಲ್ಲಿ ನ್ಯೂಮಾರ್ಕೆಟ್‌ನಿಂದ ಆಸ್ಕಟ್‌ಗೆ ಹೋಯಿತು; ನೇರ ಓಟ ಹೋಗಿ ತಿರುವಿನ ಓಟ ಬಂತು. ನಾರ್ಥಂಬರ್ಲೆಂಡ್ ಪ್ಲೇಟ್ 2016ರಿಂದ ಹುಲ್ಲಿನ ಮೇಲೆ ಓಡುತ್ತಿಲ್ಲ, ನ್ಯೂಕಾಸಲ್‌ನ ಟಾಪೆಟಾ ಎಂಬ ಕೃತಕ ನೆಲದ ಮೇಲೆ ಓಡುತ್ತಿದೆ. ಅದರ 2015ರವರೆಗಿನ ಪಟ್ಟಿಯಲ್ಲಿ ‘ಮೆತ್ತನೆ ನೆಲದಲ್ಲಿ ಗೆದ್ದ ಕುದುರೆ’ ಎಂಬ ಟ್ರೆಂಡ್ ಕಂಡರೆ ಅದನ್ನು ಹರಿದು ಎಸೆಯಿರಿ. ರಾಯಲ್ ಆಸ್ಕಟ್‌ನಲ್ಲಿ 2015ರಲ್ಲಿ ಮೂರು ವರ್ಷದ ಕುದುರೆಗಳಿಗೆಂದೇ ಕಾಮನ್‌ವೆಲ್ತ್ ಕಪ್ ಶುರುವಾಯಿತು, ಅದೇ ವರ್ಷದಿಂದ ಅಲ್ಲಿನ 6 ಫರ್ಲಾಂಗ್ ಜುಬಿಲಿ ರೇಸ್ ನಾಲ್ಕು ವರ್ಷ ಮೇಲ್ಪಟ್ಟವಕ್ಕೆ ಮಾತ್ರ. ಅದರಲ್ಲಿ ಮೂರು ವರ್ಷದವು ಗೆಲ್ಲುತ್ತಿಲ್ಲ ಎಂದು ಟ್ರೆಂಡ್ ಬರೆಯುವವರು ಈಗಲೂ ಸಿಗುತ್ತಾರೆ. ಪ್ರವೇಶವೇ ಇಲ್ಲದವು ಗೆಲ್ಲುವುದೆಲ್ಲಿಂದ?

ಬಹುಮಾನ ಬದಲಾದರೂ ರೇಸ್ ಬದಲಾಗುತ್ತದೆ. ಯಾರ್ಕ್‌ನ ಈಬೋರ್‌ಗೆ 2019ರಲ್ಲಿ 10 ಲಕ್ಷ ಪೌಂಡ್ ಬಹುಮಾನ ಇಟ್ಟರು. ಹಣ ಏರಿದರೆ ಮೇಲ್ದರ್ಜೆಯ ಕುದುರೆಗಳು ಬರುತ್ತವೆ, ಒಳಗೆ ಜಾಗ ಸಿಗಲು ಬೇಕಾದ ಕನಿಷ್ಠ ರೇಟಿಂಗ್ ಏರುತ್ತದೆ. ಆಗ ‘ಇಂತಿಷ್ಟಕ್ಕಿಂತ ಕಡಿಮೆ ರೇಟಿಂಗ್ ಇದ್ದ ಕುದುರೆ ಗೆಲ್ಲುತ್ತದೆ’ ಎಂಬ ಹಳೆಯ ಮಾತು ಸುಳ್ಳಾಗುವುದಲ್ಲ, ಆ ರೇಟಿಂಗ್‌ನ ಕುದುರೆಗೆ ಸ್ಟಾಲ್‌ನಲ್ಲಿ ಜಾಗವೇ ಇರುವುದಿಲ್ಲ.

ಒಂಟಿ ವರ್ಷಗಳನ್ನೂ ಗುರುತು ಹಾಕಿಡಿ. 2005ರ ರಾಯಲ್ ಆಸ್ಕಟ್ ಯಾರ್ಕ್‌ನಲ್ಲಿ ನಡೆಯಿತು, 2006ರ ಸೇಂಟ್ ಲೆಜರ್ ಕೂಡ ಯಾರ್ಕ್‌ನಲ್ಲೇ. 2020ರಲ್ಲಿ ಕೋವಿಡ್‌ನಿಂದಾಗಿ 2000 ಗಿನೀಸ್ ಜೂನ್ 6ಕ್ಕೆ, ಡರ್ಬಿ ಜುಲೈ 4ಕ್ಕೆ ನಡೆದವು. ದೊಡ್ಡ ರೇಸ್‌ಗೆ ಮುನ್ನ ಪರೀಕ್ಷೆಯಂತೆ ಓಡಿಸುವ ಟ್ರಯಲ್ ರೇಸ್‌ಗಳ ಕ್ರಮವೇ ಆ ವರ್ಷ ತಲೆಕೆಳಗಾಗಿತ್ತು. ಆ ಸಾಲಿಗೆ ಬೇರೆ ಬಣ್ಣ ಕೊಡಿ; ಎಷ್ಟು ದಿನದ ವಿಶ್ರಾಂತಿ, ಕೊನೆಯ ಓಟ ಯಾವುದು ಎಂಬ ಲೆಕ್ಕದಿಂದ ಹೊರಗಿಡಿ.

ಹೆಸರು ಹಿಡಿದು ಹುಡುಕುವಾಗಲೂ ಎಚ್ಚರ. ಮೇಲಿನ ಜುಬಿಲಿ ರೇಸ್ ಗೋಲ್ಡನ್, ಡೈಮಂಡ್, ಪ್ಲಾಟಿನಂ ಆಗಿ 2023ರಿಂದ ಕ್ವೀನ್ ಎಲಿಜಬೆತ್ 2 ಜುಬಿಲಿ ಸ್ಟೇಕ್ಸ್ ಆಗಿದೆ. ಟ್ರ್ಯಾಕ್, ದಿನ, ದೂರ ಹಾಕಿ ಹುಡುಕಿದರೆ ವರ್ಷಗಳು ತಪ್ಪಿಹೋಗುವುದಿಲ್ಲ.

ಹಂತ 3: ಗೆದ್ದವಲ್ಲ, ಓಡಿದ ಎಲ್ಲವನ್ನೂ ಹಾಳೆಗೆ ಇಳಿಸಿ

ಒಂದು ಕುದುರೆಗೆ ಒಂದು ಸಾಲು. ಇಪ್ಪತ್ತು ಕುದುರೆ ಓಡುವ ಹ್ಯಾಂಡಿಕ್ಯಾಪ್‌ಗೆ ಹತ್ತು ವರ್ಷಕ್ಕೆ ಇನ್ನೂರು ಸಾಲು. ಒಂದು ಸಂಜೆಯ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಂದಿನ ವರ್ಷ ಸೇರಿಸಬೇಕಾದದ್ದು ಇಪ್ಪತ್ತೇ ಸಾಲು.

ಕಾಲಮ್‌ಗಳು: ವರ್ಷ, ನೆಲದ ಸ್ಥಿತಿ, ಹೆಸರು, ವಯಸ್ಸು, ಹೊತ್ತ ತೂಕ, ರೇಟಿಂಗ್, ಸ್ಟಾಲ್ ಸಂಖ್ಯೆ, ಒಟ್ಟು ಓಡಿದವು, ಕೊನೆಯ ಓಟದ ಸ್ಥಾನ ಮತ್ತು ದರ್ಜೆ, ಎಷ್ಟು ದಿನಗಳ ಹಿಂದೆ, ಈ ದೂರದಲ್ಲಿ ಹಿಂದೆ ಗೆದ್ದಿದೆಯೇ, ಟ್ರೈನರ್, ಆರಂಭದ ಬೆಲೆ (ಓಟ ಶುರುವಾಗುವಾಗ ಆ ಕುದುರೆಗೆ ಬುಕ್ಕಿಗಳು ಕೊಡುತ್ತಿದ್ದ ದರ), ಮುಗಿಸಿದ ಸ್ಥಾನ. 5ನೇ ಹಂತದಲ್ಲಿ ಬರುವ ಒಂದನ್ನು ಬಿಟ್ಟರೆ ಇದಕ್ಕಿಂತ ಹೆಚ್ಚು ಬೇಡ. ಕಾಲಮ್ ಹೆಚ್ಚಿದಷ್ಟೂ ಕಾಕತಾಳೀಯಕ್ಕೆ ಬಾಗಿಲು ಹೆಚ್ಚು.

ಎರಡು ಕಡೆ ಕೈ ತಪ್ಪುತ್ತದೆ. ಮೊದಲನೆಯದು ತೂಕ. ಬ್ರಿಟನ್ನಿನಲ್ಲಿ ಹ್ಯಾಂಡಿಕ್ಯಾಪ್ ತೂಕದ ಮಟ್ಟ ವರ್ಷಗಳಿಂದ ಮೇಲಕ್ಕೆ ಸರಿಯುತ್ತಾ ಬಂದಿದೆ. ಹತ್ತು ವರ್ಷದ ಹಿಂದಿನ 9 ಸ್ಟೋನ್ ಮತ್ತು ಇಂದಿನ 9 ಸ್ಟೋನ್ ಪಟ್ಟಿಯ ಒಂದೇ ಜಾಗದಲ್ಲಿ ಕೂರುವುದಿಲ್ಲ. ಹಾಗಾಗಿ ತೂಕವನ್ನು ಹಾಗೇ ಬರೆಯಬೇಡಿ, ಆ ವರ್ಷದ ಟಾಪ್ ವೇಟ್‌ಗಿಂತ (ಆ ರೇಸ್‌ನಲ್ಲಿ ಹೊತ್ತ ಅತಿ ಹೆಚ್ಚು ತೂಕ) ಎಷ್ಟು ಪೌಂಡ್ ಕಡಿಮೆ ಎಂದು ಬರೆಯಿರಿ.

ಎರಡನೆಯದು ಅಕ್ಷರಗಳು. 2023ರ 2000 ಗಿನೀಸ್ ಗೆದ್ದ ಚಾಲ್ಡಿಯನ್‌ನ ಕೊನೆಯ ಓಟದ ಮುಂದೆ ಸ್ಥಾನ ಇರಲಿಲ್ಲ. ಗ್ರೀನ್‌ಹ್ಯಾಮ್ ಸ್ಟೇಕ್ಸ್‌ನಲ್ಲಿ ಸ್ಟಾಲ್‌ನಿಂದ ಹೊರಬೀಳುತ್ತಿದ್ದಂತೆಯೇ ಜಾಕಿ ಕೆಳಗೆ ಬಿದ್ದಿದ್ದರು. ಹಾಳೆ ಇದನ್ನು ‘ಮೊದಲ ಮೂರರಲ್ಲಿ ಇಲ್ಲ’ ಎಂದು ಓದುತ್ತದೆ, ಆದರೆ ಅದು ಓಡದ ಓಟ. ಬಿದ್ದದ್ದು, ಓಟ ನಿಲ್ಲಿಸಿದ್ದು ಇಂಥವನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ.

ಹಂತ 4: ಪಾಲಿಗೆ ಪಾಲು ಹಾಕಿ ನೋಡಿ

ಇಡೀ ಕೆಲಸದ ಬೆನ್ನೆಲುಬು ಇದು. ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ರೇಸ್ ತೆಗೆದುಕೊಳ್ಳೋಣ. ಹತ್ತು ವರ್ಷ, ವರ್ಷಕ್ಕೆ 18 ಕುದುರೆ, ಒಟ್ಟು 180. ಅದರಲ್ಲಿ ನಾಲ್ಕು ವರ್ಷದವು 72, ಅಂದರೆ ನೂರಕ್ಕೆ 40. ಹತ್ತು ಗೆಲುವಿನಲ್ಲಿ ಅವು ಗೆದ್ದದ್ದು 6, ಅಂದರೆ ನೂರಕ್ಕೆ 60. ಗೆಲುವಿನ ಪಾಲನ್ನು ಓಡಿದವುಗಳ ಪಾಲಿನಿಂದ ಭಾಗಿಸಿ: 60 ಭಾಗ 40, ಉತ್ತರ 1.5. ಒಂದಕ್ಕಿಂತ ಮೇಲಿದ್ದರೆ ಆ ಗುಂಪು ತನ್ನ ಪಾಲಿಗಿಂತ ಹೆಚ್ಚು ಗೆದ್ದಿದೆ, ಕೆಳಗಿದ್ದರೆ ಕಡಿಮೆ. ಹತ್ತರಲ್ಲಿ ಎಂಟು ಗೆದ್ದರೂ ಓಡಿದವುಗಳಲ್ಲಿ ನೂರಕ್ಕೆ 80 ಅದೇ ಗುಂಪಿನವಾಗಿದ್ದರೆ ಉತ್ತರ ಬರಿಯ 1. ಟ್ರೆಂಡ್ ಎಂದು ಕರೆಯಲು ಅಲ್ಲಿ ಏನೂ ಇಲ್ಲ.

1.5 ಬಂದಾಕ್ಷಣ ಕುಣಿಯಬೇಡಿ. ನೂರಕ್ಕೆ 40 ಪಾಲಿರುವ ಗುಂಪು ಯಾವ ಮೇಲುಗೈಯೂ ಇಲ್ಲದೆ, ಬರೀ ಅದೃಷ್ಟದ ಮೇಲೆ ಹತ್ತರಲ್ಲಿ ಆರು ಅಥವಾ ಹೆಚ್ಚು ಗೆಲ್ಲುವ ಸಂಭವ ನೂರಕ್ಕೆ ಸುಮಾರು 17. ಅಂದರೆ ಆರಕ್ಕೆ ಒಂದು ಸಲ. ನೀವು ಇಪ್ಪತ್ತು ಬಗೆಯ ಗುಂಪು ಮಾಡಿ ನೋಡಿದರೆ ಮೂರೋ ನಾಲ್ಕೋ ಟ್ರೆಂಡ್ ಗಾಳಿಯಲ್ಲೇ ಹುಟ್ಟುತ್ತವೆ.

ಇದಕ್ಕೆ ಮದ್ದು, ಗೆದ್ದವುಗಳ ಜೊತೆ ಮೊದಲ ನಾಲ್ಕರಲ್ಲಿ ಬಂದವನ್ನೂ ಎಣಿಸುವುದು. ಆಗ ಹತ್ತು ವರ್ಷಕ್ಕೆ 40 ಕುದುರೆ ಸಿಗುತ್ತವೆ. ಅದರಲ್ಲೂ 24 ನಾಲ್ಕು ವರ್ಷದವಾಗಿದ್ದರೆ ಅನುಪಾತ ಅದೇ 1.5, ಆದರೆ ಅದು ಬರೀ ಅದೃಷ್ಟದಿಂದ ಆಗುವುದು ಸುಮಾರು ನೂರಕ್ಕೆ ಒಂದು ಸಲ. ಗೆಲುವಿನಲ್ಲಿ 1.5 ಇದ್ದು ಮೊದಲ ನಾಲ್ಕರ ಲೆಕ್ಕದಲ್ಲಿ 1ಕ್ಕೆ ಇಳಿದರೆ ಆ ಟ್ರೆಂಡ್ ಬಿಡಿ.

ಬೆಲೆಯ ವಿರುದ್ಧವೂ ಒಮ್ಮೆ ತೂಗಿ. 5/1 ಬೆಲೆ (ಒಂದು ಕಟ್ಟಿದರೆ ಐದು ಲಾಭ) ಎಂದರೆ ಮಾರುಕಟ್ಟೆ ಆ ಕುದುರೆಗೆ ಆರರಲ್ಲಿ ಒಂದು, ಅಂದರೆ ನೂರಕ್ಕೆ 16.7 ಅವಕಾಶ ಕೊಟ್ಟಿದೆ. ಒಂದು ರೇಸ್‌ನ ಎಲ್ಲ ಕುದುರೆಗಳದ್ದನ್ನು ಕೂಡಿದರೆ 100 ದಾಟುತ್ತದೆ, ಆ ಹೆಚ್ಚುವರಿ ಬುಕ್ಕಿಯ ಪಾಲು. ಒಟ್ಟು 100 ಆಗುವಂತೆ ಇಳಿಸಿಕೊಳ್ಳಿ. ಈಗ ನಿಮ್ಮ ಗುಂಪಿನ ಕುದುರೆಗಳಿಗೆ ಮಾರುಕಟ್ಟೆ ಕೊಟ್ಟಿದ್ದ ಅವಕಾಶ ಕೂಡಿಸಿ. ಮಾರುಕಟ್ಟೆ ಆರು ಗೆಲುವು ನಿರೀಕ್ಷಿಸಿ ಆರೇ ಬಂದಿದ್ದರೆ, ಟ್ರೆಂಡ್ ನಿಜ, ಆದರೆ ಅದು ಎಲ್ಲರಿಗೂ ಗೊತ್ತು. ಅದರಿಂದ ಕಾಸು ಹುಟ್ಟುವುದಿಲ್ಲ.

ಹಂತ 5: ‘ಯಾಕೆ’ ಎಂದು ಕೇಳಿ, ಡರ್ಬಿಯನ್ನೇ ಬಿಡಿಸಿ ನೋಡೋಣ

ಅನುಪಾತ ಎಷ್ಟೇ ಚೆನ್ನಾಗಿರಲಿ, ಹಿಂದೆ ಒಂದು ಕಾರಣ ಇಲ್ಲದಿದ್ದರೆ ಅಂಕ ಇಲ್ಲ. ಎಪ್ಸಮ್ ಡರ್ಬಿ ಒಂದೂವರೆ ಮೈಲಿಗಿಂತ 6 ಗಜ ಹೆಚ್ಚು. ಮೊದಲು ಏರು, ಆಮೇಲೆ ಟ್ಯಾಟನಮ್ ಕಾರ್ನರ್‌ವರೆಗೆ ಇಳಿಜಾರಿನಲ್ಲಿ ಎಡಕ್ಕೆ ತಿರುವು. 2016ರಿಂದ 2025ರವರೆಗೆ ಗೆದ್ದವು, ಅವುಗಳ ಬೆಲೆ ಮತ್ತು ಅದಕ್ಕೆ ಹಿಂದಿನ ಓಟ:

2016: ಹರ್ಜಾಂಡ್, 13/2, ಬ್ಯಾಲಿಸ್ಯಾಕ್ಸ್ ಸ್ಟೇಕ್ಸ್‌ನಲ್ಲಿ ಗೆಲುವು
2017: ವಿಂಗ್ಸ್ ಆಫ್ ಈಗಲ್ಸ್, 40/1, ಚೆಸ್ಟರ್ ವಾಜ್‌ನಲ್ಲಿ 2ನೇ
2018: ಮಸಾರ್, 16/1, 2000 ಗಿನೀಸ್‌ನಲ್ಲಿ 3ನೇ
2019: ಆಂಥನಿ ವ್ಯಾನ್ ಡೈಕ್, 13/2, ಲಿಂಗ್‌ಫೀಲ್ಡ್ ಟ್ರಯಲ್‌ನಲ್ಲಿ ಗೆಲುವು
2020: ಸರ್ಪೆಂಟೈನ್, 25/1, ಕರಾದ ಮೇಡನ್ ರೇಸ್‌ನಲ್ಲಿ (ಒಮ್ಮೆಯೂ ಗೆಲ್ಲದ ಕುದುರೆಗಳ ಓಟ) ಗೆಲುವು
2021: ಅದಾಯರ್, 16/1, ಲಿಂಗ್‌ಫೀಲ್ಡ್ ಟ್ರಯಲ್‌ನಲ್ಲಿ 2ನೇ
2022: ಡೆಸರ್ಟ್ ಕ್ರೌನ್, 5/2, ಡಾಂಟೆ ಸ್ಟೇಕ್ಸ್‌ನಲ್ಲಿ ಗೆಲುವು
2023: ಒಗ್ಯೂಸ್ಟ್ ರೊಡಾಂ, 9/2, 2000 ಗಿನೀಸ್‌ನಲ್ಲಿ 12ನೇ
2024: ಸಿಟಿ ಆಫ್ ಟ್ರಾಯ್, 3/1, 2000 ಗಿನೀಸ್‌ನಲ್ಲಿ 9ನೇ
2025: ಲ್ಯಾಂಬೋರ್ನ್, 13/2, ಚೆಸ್ಟರ್ ವಾಜ್‌ನಲ್ಲಿ ಗೆಲುವು

‘ಹಿಂದಿನ ಓಟ ಗೆದ್ದಿರಬೇಕು’ ಎಂಬ ಜರಡಿ ಹಾಕಿದ್ದರೆ ಹತ್ತರಲ್ಲಿ ಐದು ವಿಜೇತರು ಸೋರಿಹೋಗುತ್ತಿದ್ದವು. ‘ಮೊದಲ ಮೂರರಲ್ಲಿ ಬಂದಿರಬೇಕು’ ಎಂದು ಸಡಿಲಿಸಿದರೆ ಎಂಟು ಉಳಿಯುತ್ತವೆ. ಕೇಳಲು ಚೆನ್ನ, ಆದರೆ ಡರ್ಬಿಗೆ ಬರುವ ಕುದುರೆಗಳಲ್ಲಿ ಹೆಚ್ಚಿನವು ಯಾವುದೋ ಟ್ರಯಲ್‌ನಲ್ಲಿ ಮೊದಲ ಮೂರರಲ್ಲಿ ಬಂದೇ ಬಂದಿರುತ್ತವೆ. 4ನೇ ಹಂತದ ಲೆಕ್ಕ ಹಾಕಿದರೆ ಈ ಎಂಟರ ಮೆರುಗು ಬಹುಪಾಲು ಇಳಿಯುತ್ತದೆ.

ಹೊರಗುಳಿದ ಎರಡನ್ನು ಹತ್ತಿರದಿಂದ ನೋಡಿ. ಒಗ್ಯೂಸ್ಟ್ ರೊಡಾಂ ಎರಡು ವರ್ಷದವನಿದ್ದಾಗ ಡಾನ್‌ಕಾಸ್ಟರ್‌ನ ಫ್ಯೂಚರಿಟಿ ಟ್ರೋಫಿ ಗೆದ್ದಿದ್ದ, ಸಿಟಿ ಆಫ್ ಟ್ರಾಯ್ ಡ್ಯೂಹರ್ಸ್ಟ್ ಸ್ಟೇಕ್ಸ್ ಗೆದ್ದಿದ್ದ. ಎರಡೂ ಗ್ರೂಪ್ 1. ಇಬ್ಬರೂ ನೆಲಕಚ್ಚಿದ್ದು ಒಂದೇ ಕಡೆ, ನ್ಯೂಮಾರ್ಕೆಟ್‌ನ ನೇರ ಒಂದು ಮೈಲಿಯಲ್ಲಿ. ಅದಕ್ಕಿಂತ ನಾಲ್ಕು ಫರ್ಲಾಂಗ್ ಉದ್ದದ, ತಿರುವಿನ ಓಟಕ್ಕೆ ಆ ಸೋಲು ಸರಿಯಾದ ಅಳತೆಗೋಲಲ್ಲ. ಹಾಗಾಗಿ ನಿಮ್ಮ ಹಾಳೆಯಲ್ಲಿ ‘ಕೊನೆಯ ಓಟ’ದ ಪಕ್ಕ ‘ಇದುವರೆಗಿನ ಅತ್ಯುತ್ತಮ ಓಟದ ದರ್ಜೆ’ ಎಂಬ ಕಾಲಮ್ ಇರಲಿ. ಗ್ರೂಪ್ 1 ರೇಸ್‌ಗಳಲ್ಲಿ ಈ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಡಾಂಟೆ ಗೆದ್ದ ಕುದುರೆಯೇ ಡರ್ಬಿಯ ಕೀಲಿಕೈ ಎಂಬ ಮಾತು ಪ್ರತಿ ಮೇ ತಿಂಗಳು ಕೇಳಿಬರುತ್ತದೆ. ಪಟ್ಟಿಯಲ್ಲಿ ಅದು ಒಂದೇ ಸಲ ಇದೆ. ಗಿನೀಸ್ ಮೂರು ಸಲ, ಚೆಸ್ಟರ್ ಎರಡು, ಲಿಂಗ್‌ಫೀಲ್ಡ್ ಎರಡು. ಒಂದೇ ದಾರಿ ಎಂಬುದು ಇಲ್ಲ ಅಂತ ಈ ಪಟ್ಟಿ ಹೇಳುತ್ತಿದೆ. ಅದೂ ಒಂದು ಉಪಯುಕ್ತ ಉತ್ತರವೇ.

ಈಗ ಟ್ರೈನರ್. ಹತ್ತರಲ್ಲಿ ಆರು ಏಡನ್ ಒ'ಬ್ರಯನ್ ಅವರವು: 2017, 2019, 2020, 2023, 2024, 2025. ಇದಕ್ಕಿಂತ ಗಟ್ಟಿ ಟ್ರೆಂಡ್ ಇನ್ನೇನು ಬೇಕು ಅನಿಸುತ್ತದೆ. ಆದರೆ 2019ರಲ್ಲಿ ಓಡಿದ 13 ಕುದುರೆಗಳಲ್ಲಿ 7 ಅವರದೇ. ಲಾಯ ಗೊತ್ತಾಯಿತು, ಕುದುರೆ ಯಾವುದು? ಫೇವರಿಟ್ ಆಗಿದ್ದ ಅವರದೇ ಸರ್ ಡ್ರ್ಯಾಗನೆಟ್ ಐದನೆಯದಾಯಿತು. ಲಾಯದ ಮೊದಲ ಜಾಕಿ ರಯಾನ್ ಮೂರ್ ಕೂತದ್ದೇ ಸರಿಯಾದ ಕುದುರೆ ಎಂದು ಊಹಿಸಿದರೂ ಆಗದು. ಆ ಆರು ಗೆಲುವಿನಲ್ಲಿ ಮೂರ್ ಸವಾರಿ ಮಾಡಿದ್ದು 2023 ಮತ್ತು 2024ರಲ್ಲಿ ಮಾತ್ರ. ಉಳಿದ ನಾಲ್ಕರಲ್ಲಿ ಅವರು ಅದೇ ಲಾಯದ ಬೇರೆ ಕುದುರೆಯ ಮೇಲಿದ್ದರು, ಗೆದ್ದದ್ದು ಎರಡನೆಯದೋ ಮೂರನೆಯದೋ ಎಂದು ಜನ ಬದಿಗಿಟ್ಟ ಕುದುರೆ. ಹೀಗಾಗಿ ಟ್ರೈನರ್ ಟ್ರೆಂಡ್‌ಗೆ ಅಂಕ ಕೊಡುವಾಗ ಆ ಲಾಯದ ಎಲ್ಲ ಕುದುರೆಗಳಿಗೂ ಸಮನಾಗಿ ಕೊಡಿ, ಕಡಿಮೆ ಬೆಲೆಯದಕ್ಕೆ ಮಾತ್ರ ಅಲ್ಲ.

ಹಂತ 6: ಡ್ರಾ ಬೇರೆ ಹಾಳೆಯಲ್ಲಿ

ಸ್ಟಾಲ್ ಸಂಖ್ಯೆಯ ಟ್ರೆಂಡ್‌ನಷ್ಟು ಬೇಗ ಕೊಳೆಯುವುದು ಇನ್ನೊಂದಿಲ್ಲ. ಡರ್ಬಿಯಲ್ಲಿ 1ನೇ ಸ್ಟಾಲ್ ಎಂದರೆ ಒಳಗೆ ಸಿಕ್ಕಿಹಾಕಿಕೊಳ್ಳುವ ಜಾಗ ಎಂದು ಎಲ್ಲರೂ ಹೆದರುತ್ತಿದ್ದರು. 2021ರಲ್ಲಿ ಅದಾಯರ್, 2024ರಲ್ಲಿ ಸಿಟಿ ಆಫ್ ಟ್ರಾಯ್ ಇಬ್ಬರೂ ಅದೇ ಸ್ಟಾಲ್‌ನಿಂದ ಗೆದ್ದರು.

ಬಲಕ್ಕೆ ತಿರುಗುವ ಟ್ರ್ಯಾಕ್‌ಗಳಲ್ಲಿ 2011ರಲ್ಲಿ ಸ್ಟಾಲ್ ಎಣಿಕೆಯ ದಿಕ್ಕೇ ಬದಲಾಯಿತು. ಆಸ್ಕಟ್, ಗುಡ್‌ವುಡ್‌ಗಳ ಅದಕ್ಕೂ ಹಿಂದಿನ ಅಂಕಿಗಳನ್ನು ಹಾಗೇ ಸೇರಿಸಿದರೆ ಆ ದಡ ಈ ದಡ ಅದಲುಬದಲು. ಹಳೆಯದನ್ನು ಬಿಟ್ಟುಬಿಡುವುದೇ ಕ್ಷೇಮ.

ಕಚ್ಚಾ ಸಂಖ್ಯೆ ಬರೆಯಬೇಡಿ; ಓಡಿದವುಗಳನ್ನು ಕೆಳ, ನಡು, ಮೇಲಿನ ಮೂರು ಭಾಗ ಮಾಡಿ. 28 ಕುದುರೆಯ ಸ್ಟೂವರ್ಡ್ಸ್ ಕಪ್‌ನಲ್ಲಿ 12ನೇ ಸ್ಟಾಲ್ ನಡುವಿನದು, 14 ಕುದುರೆ ಇದ್ದರೆ ಅದೇ 12 ಒಂದು ಅಂಚಿನದು. ಕೊನೆಗಳಿಗೆಯಲ್ಲಿ ಹಿಂದೆ ಸರಿದ ಕುದುರೆಗಳ ಸ್ಟಾಲ್ ಖಾಲಿ ಇರುತ್ತದೆ, ಅದನ್ನು ಕಳೆದು ಮತ್ತೆ ಎಣಿಸಿ.

ಆಸ್ಕಟ್‌ನ ನೇರ ಮೈಲಿಯಲ್ಲಿ 30 ಕುದುರೆ ಓಡುವ ಹಂಟ್ ಕಪ್‌ನಲ್ಲಿ ಕುದುರೆಗಳು ಎರಡು ಗುಂಪಾಗಿ ಎರಡು ದಡ ಹಿಡಿಯುವುದು ಸಾಮಾನ್ಯ. ಯಾವ ಗುಂಪಿನಲ್ಲಿ ವೇಗವಾಗಿ ಮುಂದೆ ಹೋಗುವವು ಹೆಚ್ಚಿವೆಯೋ ಆ ದಡಕ್ಕೆ ಸಾಮಾನ್ಯವಾಗಿ ಮೇಲುಗೈ, ಅದು ವರ್ಷವರ್ಷಕ್ಕೆ ಬದಲಾಗುತ್ತದೆ. ಇಲ್ಲಿ ಹತ್ತು ವರ್ಷದ ಸರಾಸರಿಗಿಂತ ಅದೇ ವಾರದ ಹಿಂದಿನ ದಿನಗಳ ನೇರ ಓಟಗಳು ಹೆಚ್ಚು ಹೇಳುತ್ತವೆ. ಚೆಸ್ಟರ್ ಮಾತ್ರ ಅಪವಾದ: ಸುತ್ತಳತೆ ಸುಮಾರು ಒಂದು ಮೈಲಿ, ಓಟದ ಬಹುಪಾಲು ತಿರುವಿನಲ್ಲೇ. ಕಡಿಮೆ ದೂರದ ಓಟಗಳಲ್ಲಿ ಒಳಗಿನ ಸ್ಟಾಲ್‌ನ ಲಾಭ ಅಲ್ಲಿ ಗಟ್ಟಿಯಾಗಿ ನಿಂತಿದೆ, ಯಾಕೆಂದರೆ ಕಾರಣ ಭೂಮಿಯ ಆಕಾರದಲ್ಲೇ ಇದೆ.

ಹಂತ 7: ಗೆರೆ ಎಳೆಯಬೇಡಿ, ಅಂಕ ಕೊಡಿ

ಇದುವರೆಗೆ ಉಳಿದ ಟ್ರೆಂಡ್ ನಾಲ್ಕೋ ಐದೋ ಇರಬೇಕು. ಅನುಪಾತವೂ ಚೆನ್ನಾಗಿದ್ದು ಕಾರಣವೂ ಇರುವುದಕ್ಕೆ 3 ಅಂಕ. ಕಾರಣ ಇದೆ ಆದರೆ ಅನುಪಾತ ಮಂಕು ಎಂದರೆ 1. ಅನುಪಾತ ಇದೆ, ಕಾರಣ ಹೊಳೆಯುತ್ತಿಲ್ಲ ಎಂದರೆ ಸೊನ್ನೆ. ಮನಸ್ಸು ಒಪ್ಪುವುದಿಲ್ಲ, ಆದರೂ ಸೊನ್ನೆ. ಸ್ಪಷ್ಟ ಕಾರಣದೊಂದಿಗೆ ವಿರುದ್ಧವಾಗಿ ನಿಲ್ಲುವುದಕ್ಕೆ, ಉದಾಹರಣೆಗೆ ಸೆಸಾರೆವಿಚ್‌ನ ಎರಡು ಕಾಲು ಮೈಲಿಗೆ ಬರುವ, ಒಂದೂವರೆ ಮೈಲಿಯಲ್ಲೇ ಕೊನೆಯ ಫರ್ಲಾಂಗ್‌ನಲ್ಲಿ ಸುಸ್ತಾಗುವ ಕುದುರೆಗೆ, ಎರಡು ಅಂಕ ಕಳೆಯಿರಿ.

ಒಂದು ಟ್ರೆಂಡ್‌ಗೆ ಹೊಂದದ ಕುದುರೆ ಅಂಕ ಕಳೆದುಕೊಳ್ಳಬೇಕು, ಓಟವನ್ನಲ್ಲ. 2024ರ 2000 ಗಿನೀಸ್ ಗೆದ್ದ ನೋಟಬಲ್ ಸ್ಪೀಚ್ ಎರಡು ವರ್ಷದವನಿದ್ದಾಗ ಓಡೇ ಇರಲಿಲ್ಲ. ಮೂರು ವರ್ಷದವನಾದ ಮೇಲೆ ಕೆಂಪ್ಟನ್‌ನ ಕೃತಕ ನೆಲದಲ್ಲಿ ಮೂರು ಸಲ ಗೆದ್ದು, ಹುಲ್ಲಿನ ಮೇಲೆ ಮೊದಲ ಸಲ ಕಾಲಿಟ್ಟದ್ದೇ ಆ ರೇಸ್‌ನಲ್ಲಿ, ಬೆಲೆ 16/1. ಗೆರೆ ಎಳೆಯುವ ವಿಧಾನದಲ್ಲಿ ಅವನ ಹೆಸರು ಮೊದಲ ನಿಮಿಷದಲ್ಲೇ ಹೋಗಿರುತ್ತಿತ್ತು. ಅಂಕದ ವಿಧಾನದಲ್ಲಿ ಅವನು ಮೊದಲನೆಯವನಾಗದಿದ್ದರೂ ಪಟ್ಟಿಯಲ್ಲಿ ಉಳಿದಿರುತ್ತಿದ್ದ, ಆ ಬೆಲೆಗೆ ಅಷ್ಟು ಸಾಕು.

ಹನ್ನೆರಡು ಕುದುರೆಯ ರೇಸ್‌ನಲ್ಲಿ ಮೇಲಿನ ಮೂರು-ನಾಲ್ಕು, ಮೂವತ್ತರದಲ್ಲಿ ಆರರಿಂದ ಎಂಟು ಇಟ್ಟುಕೊಳ್ಳಿ. ಒಂದೇ ಹೆಸರಿಗೆ ಇಳಿಸುವ ಆಸೆ ಬೇಡ.

ಹಂತ 8: ಡಿಕ್ಲರೇಷನ್ ಆದ ಮೇಲೆ ಕೊನೆಯ ತೂಗುವಿಕೆ

ಫ್ಲ್ಯಾಟ್ ರೇಸ್‌ಗಳಿಗೆ ಸಾಮಾನ್ಯವಾಗಿ 48 ಗಂಟೆ ಮೊದಲು, ಬೆಳಿಗ್ಗೆ 10ಕ್ಕೆ, ಅಂತಿಮ ಹೆಸರುಗಳು ನಿಕ್ಕಿಯಾಗುತ್ತವೆ. ಅಲ್ಲಿಯವರೆಗೆ ಅಂಕ ಪೆನ್ಸಿಲ್‌ನಲ್ಲಿರಲಿ. ವಾರಗಟ್ಟಲೆ ಮೊದಲೇ ಆಂಟಿ-ಪೋಸ್ಟ್ ಬೆಟ್ ಕಟ್ಟಿದರೆ ಕುದುರೆ ಓಡದಿದ್ದರೂ ಹಣ ಹೋಗುತ್ತದೆ, ಓಡದಿದ್ದರೆ ವಾಪಸ್ ಎಂಬ ಷರತ್ತು ಬರೆದಿದ್ದರೆ ಮಾತ್ರ ಉಳಿಯುತ್ತದೆ.

ಮೊದಲು ನೆಲದ ಸ್ಥಿತಿ ನೋಡಿ. ನೆಲ ಗುಡ್ ಟು ಫರ್ಮ್ (ಗಟ್ಟಿ) ಎಂದುಕೊಂಡು ಮಾಡಿದ ಪಟ್ಟಿ, ಒಂದು ರಾತ್ರಿಯ ಮಳೆಗೆ ಆ ನೆಲ ಸಾಫ್ಟ್ (ಮೆತ್ತಗೆ) ಆದರೆ, ಅರ್ಧ ಬೆಲೆ ಕಳೆದುಕೊಳ್ಳುತ್ತದೆ. ಹಾಳೆಯಲ್ಲಿ ಮೆತ್ತನೆ ನೆಲದ ವರ್ಷಗಳನ್ನು ಬೇರೆ ಮಾಡಿ ನೋಡಿ. ಎರಡೇ ವರ್ಷ ಸಿಕ್ಕಿದರೆ ಟ್ರೆಂಡ್ ಬದಿಗಿಟ್ಟು ಆಯಾ ಕುದುರೆ ಅಂಥ ನೆಲದಲ್ಲಿ ಓಡಿದ ದಾಖಲೆ ಓದಿ.

ಹ್ಯಾಂಡಿಕ್ಯಾಪ್‌ಗಳಲ್ಲಿ ಇನ್ನೊಂದು ವಿಷಯ. ತೂಕ ಪ್ರಕಟವಾದ ಮೇಲೆ ಗೆದ್ದ ಕುದುರೆಗೆ ದಂಡವಾಗಿ ಕೆಲವು ಪೌಂಡ್ ಸೇರುತ್ತದೆ. ಆದರೆ ಅದರ ಹೊಸ ರೇಟಿಂಗ್ ಅದಕ್ಕಿಂತ ಹೆಚ್ಚು ಏರಿದ್ದರೆ, ಉದಾಹರಣೆಗೆ ದಂಡ 5 ಪೌಂಡ್, ರೇಟಿಂಗ್ ಏರಿದ್ದು 9 ಎಂದಾದರೆ, ಅದು 4 ಪೌಂಡ್ ಹಗುರವಾಗಿ ಓಡುತ್ತಿದೆ. ‘ದಂಡ ಹೊತ್ತವು ಇಲ್ಲಿ ಗೆಲ್ಲುವುದಿಲ್ಲ’ ಎಂಬ ಟ್ರೆಂಡ್‌ಗಿಂತ ಈ ವ್ಯವಕಲನ ಹೆಚ್ಚು ನಂಬಲರ್ಹ.

ಕೊನೆಗೆ ಬೆಲೆ. ಪಟ್ಟಿಯಲ್ಲಿ ಉಳಿದ ಪ್ರತಿ ಕುದುರೆಗೂ ನಿಮ್ಮ ಅಂದಾಜಿನ ಅವಕಾಶ ಬರೆಯಿರಿ. ನೂರಕ್ಕೆ 20 ಎಂದರೆ ನ್ಯಾಯದ ಬೆಲೆ 4/1, 12.5 ಎಂದರೆ 7/1. ಮಾರುಕಟ್ಟೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಮಾತ್ರ ಮುಂದುವರಿಯಿರಿ. ಎಲ್ಲಕ್ಕೂ ಕಡಿಮೆಯೇ ಇದ್ದರೆ ರೇಸ್ ನೋಡಿ ಆನಂದಿಸಿ, ಅಷ್ಟೇ.

ಈಚ್-ವೇ, ಅಂದರೆ ಅರ್ಧ ಹಣ ಗೆಲುವಿಗೆ, ಅರ್ಧ ಮೊದಲ ಕೆಲವು ಸ್ಥಾನಗಳಲ್ಲಿ ಬರುವುದಕ್ಕೆ ಕಟ್ಟುವವರು ಓಡುವ ಸಂಖ್ಯೆ ಗಮನಿಸಿ. ರೂಢಿಯ ಷರತ್ತಿನಲ್ಲಿ 16 ಅಥವಾ ಹೆಚ್ಚು ಕುದುರೆಯ ಹ್ಯಾಂಡಿಕ್ಯಾಪ್‌ಗೆ ನಾಲ್ಕು ಸ್ಥಾನ, ಬೆಲೆಯ ನಾಲ್ಕನೇ ಒಂದು. ಒಂದು ಕುದುರೆ ಹಿಂದೆ ಸರಿದು 15 ಆದರೆ ಸ್ಥಾನ ಮೂರಕ್ಕೆ ಇಳಿಯುತ್ತದೆ. 16 ಇರುವ ರೇಸ್‌ನಲ್ಲಿ ನಾಲ್ಕನೇ ಸ್ಥಾನ ನೆಚ್ಚಿ ಬೆಳಿಗ್ಗೆಯೇ ಹಣ ಹಾಕುವುದು ಅಪಾಯ.

ಕೆಲಸ ಹಳಿ ತಪ್ಪುತ್ತಿದೆ ಎನ್ನುವ ಗುರುತುಗಳು

ಮೊದಲೇ ಮನಸ್ಸಿನಲ್ಲಿದ್ದ ಕುದುರೆ ಪ್ರತಿ ಸಲವೂ ಪಟ್ಟಿಯ ತುದಿಗೆ ಬರುತ್ತಿದ್ದರೆ, ನೀವು ಟ್ರೆಂಡ್ ನೋಡಿ ಕುದುರೆ ಆರಿಸುತ್ತಿಲ್ಲ, ಕುದುರೆ ನೋಡಿ ಟ್ರೆಂಡ್ ಆರಿಸುತ್ತಿದ್ದೀರಿ. ಇದನ್ನು ತಪ್ಪಿಸಲು ಅಂಕದ ನಿಯಮಗಳನ್ನು ಪ್ರವೇಶ ಪಟ್ಟಿ ನೋಡುವ ಮೊದಲೇ ಬರೆದು ದಿನಾಂಕ ಹಾಕಿ.

ಟ್ರೆಂಡ್‌ನ ಅಂಚು ವಿಚಿತ್ರವಾಗಿದ್ದರೆ ಸಂಶಯಪಡಿ. ‘22ರಿಂದ 37 ದಿನದ ನಡುವೆ ಓಡಿದವು’ ಎಂದು ಯಾರಾದರೂ ಬರೆದಿದ್ದರೆ, 21 ಮತ್ತು 38ನೇ ದಿನದಲ್ಲಿ ಏನಿತ್ತು ಎಂದು ಕೇಳಿ. ವಿಜೇತರನ್ನು ಒಳಗೆ ಸೇರಿಸಲೆಂದೇ ಬೇಲಿ ಸರಿಸಿರುತ್ತಾರೆ. ‘ಕಳೆದ 13ರಲ್ಲಿ 11’ ಎಂಬಂಥ ಮಾತಿಗೂ ಅದೇ ಚಿಕಿತ್ಸೆ: 14ನೇ ವರ್ಷ ಯಾಕೆ ಬಿಟ್ಟರು?

‘ಫೇವರಿಟ್ ಇಲ್ಲಿ ಗೆಲ್ಲುವುದಿಲ್ಲ’ ಅಥವಾ ‘ಗೆಲ್ಲುವುದು 10/1 ಒಳಗಿನದೇ’ ಎಂಬುದನ್ನು ಅಂಕಕ್ಕೆ ಸೇರಿಸಬೇಡಿ. ಬೆಲೆ ಕುದುರೆಯ ಗುಣವಲ್ಲ, ಜನ ಕುದುರೆಯ ಬಗ್ಗೆ ಅಂದುಕೊಂಡದ್ದು. ಮೇಲಿನ ಡರ್ಬಿ ಪಟ್ಟಿಯಲ್ಲಿ 16/1 ಎರಡು, 25/1 ಒಂದು, 40/1 ಒಂದು ಇವೆ. 2018ರಲ್ಲಿ 4/5 ಬೆಲೆಯ ಸ್ಯಾಕ್ಸನ್ ವಾರಿಯರ್ ನಾಲ್ಕನೆಯದಾಯಿತು.

ಇನ್ನೊಂದು ಗುರುತು ಹಾಳೆಯಲ್ಲಲ್ಲ, ಜೇಬಿನಲ್ಲಿ ಕಾಣುತ್ತದೆ. ಸೋತ ಹಣ ಅದೇ ಮಧ್ಯಾಹ್ನ ಮರಳಿ ಪಡೆಯಲು, ಪಟ್ಟಿಯನ್ನೇ ಮಾಡದ ಮುಂದಿನ ರೇಸ್‌ಗೆ ಕೈ ಹಾಕುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಕಳೆದುಕೊಂಡರೂ ಮನೆ ನಡೆಯುವಷ್ಟನ್ನು ಮಾತ್ರ ಋತುವಿನ ಆರಂಭದಲ್ಲೇ ಬೇರೆ ಇಡಿ, ಒಂದು ರೇಸ್‌ಗೆ ಅದರ ನೂರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಬ್ರಿಟನ್ನಿನಲ್ಲಿ ಬೆಟ್ ಕಟ್ಟಲು 18 ತುಂಬಿರಬೇಕು, ಕೈ ಮೀರಿದೆ ಅನಿಸಿದವರಿಗೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ಬುಕ್ಕಿಗಳಿಂದ ಒಮ್ಮೆಗೇ ತಮ್ಮನ್ನು ಹೊರಗಿಡಿಸಿಕೊಳ್ಳಲು ಗ್ಯಾಮ್‌ಸ್ಟಾಪ್ ಇದೆ.

ರೇಸ್ ಮುಗಿದ ಸಂಜೆ

ಅದೇ ದಿನ ಹೊಸ ಸಾಲುಗಳನ್ನು ಸೇರಿಸಿ, ಗೆದ್ದದ್ದನ್ನು ಮಾತ್ರವಲ್ಲ, ಎಲ್ಲವನ್ನೂ. ನಿಮ್ಮ ಅಂಕಪಟ್ಟಿಯಲ್ಲಿ ವಿಜೇತ ಕುದುರೆ ಎಷ್ಟನೇ ಸ್ಥಾನದಲ್ಲಿತ್ತು ಎಂದು ಬರೆದಿಡಿ. ಹದಿನೈದು ಇಪ್ಪತ್ತು ರೇಸ್ ಆದ ಮೇಲೆ, ವಿಜೇತರಲ್ಲಿ ಎಷ್ಟು ನಿಮ್ಮ ಮೇಲಿನ ಮೂರನೇ ಒಂದು ಭಾಗದಲ್ಲಿದ್ದವು ಎಂದು ಎಣಿಸಿ. ಮೂರರಲ್ಲಿ ಒಂದಷ್ಟೇ ಆದರೆ ಕಣ್ಣು ಮುಚ್ಚಿ ಆರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ; 5ನೇ ಹಂತಕ್ಕೆ ಮರಳಿ 3 ಅಂಕ ಕೊಟ್ಟ ಟ್ರೆಂಡ್‌ಗಳ ಕಾರಣಗಳನ್ನು ಮತ್ತೆ ಕೆದಕಿ. ಅರ್ಧಕ್ಕಿಂತ ಹೆಚ್ಚಿದ್ದರೆ ಅಂಕಗಳನ್ನು ಮುಟ್ಟಬೇಡಿ, ಮುಂದಿನ ಋತುವಿಗೂ ಅದೇ ಹಾಳೆ ಸಾಕು.